ಸಂಜೆ ಶಾಲೆಯ ಪಾಲುದಾರರು

ಅತನೂರಿನ ಹಮೀದಾಬೇಗಂ ಬಟ್ಟೆ ಹೊಲಿದು ಬದುಕಿದವಳು. ಆದರೆ ಊರಿನಲ್ಲಿ ಆಕೆಗೆ ಹೆಸರು ಬಂದದ್ದು ಸಂಜೆ ಶಾಲೆಯಿಂದ. ಹತ್ತೊಂಬತ್ತು ವರ್ಷಗಳಿಂದ, ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳೆಲ್ಲ ಗುರುಶಾಂತಮ್ಮನವರ ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ. ತಾಯಂದಿರು ಹೊಲದಿಂದ ಬರುವವರೆಗೆ ಹಮೀದಾ ಅವರಿಗೆ ಕಾಗುಣಿತ, ಮಗ್ಗಿ ಹೇಳಿಕೊಡುತ್ತಾಳೆ. ಈ ಬೇಸಿಗೆಯ ಗಾಳಿಗೆ ಪಡಸಾಲೆಯ ತಗಡುಗಳು ಹಾರಿಹೋದವು. ಹೊಸ ತಗಡು ಹಾಕಿಸದಿದ್ದರೆ ಮಳೆಗಾಲಕ್ಕೆ ಶಾಲೆ ಮುಚ್ಚಿದಂತೆಯೇ.

ಕಲಬುರಗಿಯ ಒಂದು ಟ್ರಸ್ಟಿನವರು ತಗಡು, ದೀಪ, ಪುಸ್ತಕ ಕೊಡುತ್ತೇವೆಂದು ಫಾರ್ಮು ಕಳಿಸಿದರು. ಅದರಲ್ಲಿ ಒಂದು ಪ್ರಶ್ನೆ: ‘ನಿಮ್ಮ ಪಾಲುದಾರರು ಯಾರು?’ ಹಮೀದಾ ಹಿಂದೆಮುಂದೆ ನೋಡದೆ ‘ಯಾರೂ ಇಲ್ಲ’ ಎಂದು ಬರೆದು ಕಳಿಸಿದಳು. ಆ ಪ್ರಶ್ನೆ ಬರೆದ ಪುಣ್ಯಾತ್ಮ ಭೀಮೆಯ ದಂಡೆಯ ಹೊಲಗಳನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ. ಇಲ್ಲಿ ಪಾಲು ಎಂದರೆ ರಾಶಿಯ ದಿನ ಕಣಕ್ಕೆ ಬಂದು ಅರ್ಧ ತೊಗರಿ ಅಳೆಸಿಕೊಂಡು ಹೋಗುವುದು. ಸಂಜೆ ಶಾಲೆಯಿಂದ ಯಾರು ಏನು ಒಯ್ದಿದ್ದರು?

ಟ್ರಸ್ಟಿನ ಶೈಲಶ್ರೀ ಫೋನ್ ಮಾಡಿ ಬಿಡಿಸಿ ಹೇಳಿದಳು. ಪಾಲುದಾರರೆಂದರೆ ಕೈಜೋಡಿಸಿದವರು. ಊರವರ ಕೈ ಇಲ್ಲದ ಶಾಲೆಗೆ ಟ್ರಸ್ಟಿನ ನೆರವಿಲ್ಲ. ಸೋಮವಾರದೊಳಗೆ ಅವರ ಹೆಸರು, ಕೊಟ್ಟದ್ದೇನು, ಸಹಿ ಮೂರೂ ಬೇಕು. ಜಾಗ ಕೊಟ್ಟವರ ಸಹಿಯಂತೂ ಬೇಕೇ ಬೇಕು.

ಹಮೀದಾ ಹೊಸ ಹಾಳೆ ತೆಗೆದು ಬರೆಯಲು ಕುಳಿತಳು. ಬರೆಯುತ್ತ ಬರೆಯುತ್ತ ಹಳೆಯ ದಿನಗಳೆಲ್ಲ ಕಣ್ಣಮುಂದೆ ಬಂದವು. ಮಗಳ ಮದುವೆಗೆಂದು ತಂದ ಹೊಸ ಚಾಪೆಯನ್ನೇ ಓಣಿಯ ಹುಸೇನಬೀ ಶಾಲೆಯ ಮಕ್ಕಳಿಗೆ ಹಾಸಿಬಿಟ್ಟಿದ್ದಳು. ಕಂಡಕ್ಟರ್ ಜಹೀರುದ್ದೀನ ಅಫಜಲಪುರದ ಬಸ್ಸಿನಲ್ಲಿ ಜನ ಬಿಟ್ಟುಹೋದ ಪತ್ರಿಕೆಗಳನ್ನು ಮಡಚಿ ತರುತ್ತಿದ್ದ. ಮಕ್ಕಳು ಓದಲು ಕಲಿತದ್ದೇ ಅವುಗಳಿಂದ, ಹಾಗಾಗಿ ಮಂತ್ರಿಗಳು ಕುರ್ಚಿ ಬಿಟ್ಟ ಸುದ್ದಿ ಅವರಿಗೆ ವಾರ ತಡವಾಗಿ ತಿಳಿಯುತ್ತಿತ್ತು. ಜೋಳ ಹಾಲುಗಾಳಾದಾಗ ಸುಭದ್ರಾಬಾಯಿ ಉಡಿಯ ತುಂಬ ಸುಟ್ಟ ಎಳೆಜೋಳದ ಸೀತನಿ ತಂದು ಹಂಚುತ್ತಿದ್ದಳು, ಆಮೇಲೆ ಯಾರ ಲಕ್ಷ್ಯವೂ ಮಗ್ಗಿಯ ಮೇಲೆ ಇರುತ್ತಿರಲಿಲ್ಲ. ಎಂಥ ಸಂಜೆಗಳು ಅವು. ಆಗ ಯಾರೂ ಯಾರ ಸಹಿಯನ್ನೂ ಕೇಳಿರಲಿಲ್ಲ.

ಮೂವರೂ ಸಹಿ ಮಾಡಿಕೊಟ್ಟರು. ಕಡೆಗೆ ಹಮೀದಾ ಗುರುಶಾಂತಮ್ಮನವರ ಮುಂದೆ ಹಾಳೆ ಇಟ್ಟು, ಪಾಲುದಾರರು ಅಂತ ಇಲ್ಲೊಂದು ಸಹಿ ಬೇಕು ಎಂದಳು. ಎಪ್ಪತ್ತು ದಾಟಿದ ಆ ಹಿರಿಯರ ಮುಖ ಬಿಗಿಯಿತು.

“ಇಷ್ಟು ವರ್ಷ ಪಡಸಾಲಿ ಕೊಟ್ಟೇನಿ. ಒಂದು ದಿನರೆ ಪಾಲು ಕೇಳೇನೇನ ಬೇ?”

ತಾನೇ ಎಡವಿದ್ದ ಮಾತನ್ನು ಅವರ ಮುಂದೆ ಹಾಗೇ ಆಡಿದ್ದಕ್ಕೆ ಹಮೀದಾಳಿಗೆ ನಾಚಿಕೆಯಾಯಿತು. ಶೈಲಶ್ರೀ ಹೇಳಿದ್ದನ್ನೆಲ್ಲ ತಡವರಿಸುತ್ತ ಒಪ್ಪಿಸಿದಳು. ಗುರುಶಾಂತಮ್ಮ ಚಾಳೀಸು ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಓದಿ, ಹಾಳೆಯನ್ನು ಹಿಂದಕ್ಕೆ ಸರಿಸಿದರು. ಹೀಗೆ ಬರೆದರೆ ಸಹಿ ಮಾಡುವುದಿಲ್ಲ ಎಂದರು. ತಗಡಂತೂ ಹೋಯಿತು, ಹತ್ತೊಂಬತ್ತು ವರ್ಷದ ಪ್ರೀತಿಯೂ ಒಂದು ಮಾತಿಗೆ ಹೋಯಿತೇ ಎಂದು ಹಮೀದಾಳಿಗೆ ದುಃಖ ಒತ್ತರಿಸಿ ಬಂತು.

“ಇದರಾಗ ನಿನ್ನ ಹೆಸರೇ ಇಲ್ಲಲ್ಲ?” ಎಂದರು ಗುರುಶಾಂತಮ್ಮ.

“ನಾ ಏನ್ ಕೊಟ್ಟೇನ್ರಿ ಅವ್ವಾರ? ಎಲ್ಲಾ ನೀವು ಕೊಟ್ಟಿದ್ದು.”

“ಪಡಸಾಲಿ ನಂದು, ಚಾಪಿ ಹುಸೇನಬೀದು. ರಂಜಾನ್ ರೋಜಾ ಇದ್ದಾಗೂ ಹೊಲಿಗಿ ಬಿಟ್ಟು ಬಂದು ಕುಂತಾಕಿ ಯಾರು? ಇಷ್ಟು ವರ್ಷದ ಸಂಜಿ ಯಾರ್ವು? ಅದನ್ನ ಮೊದಲ ಬರಿ.”

ಹಮೀದಾಳ ಕಣ್ಣು ತುಂಬಿ ಅಕ್ಷರಗಳು ಕಾಣದಾದವು. ಸೆರಗಿನಿಂದ ಒರೆಸಿಕೊಂಡು, ಪಟ್ಟಿಯ ನೆತ್ತಿಯ ಮೇಲೆ ಉಳಿದಿದ್ದ ಚೂರು ಜಾಗದಲ್ಲಿ ತನ್ನ ಹೆಸರು ತುರುಕಿದಳು. ‘ಕೊಟ್ಟದ್ದೇನು’ ಎಂಬಲ್ಲಿ ‘ಸಂಜೆ’ ಎಂದಷ್ಟೇ ಬರೆದಳು. ಗುರುಶಾಂತಮ್ಮ ಅದನ್ನು ಓದಿ ನೋಡಿ ಸಹಿ ಮಾಡಿದರು.