ಸಂತೆಯ ಬೀಗ ತೆಗೆಸಿದ ಹುಲಿಗೆವ್ವ

ಸಂತೆಯ ದಿನ ಹುಲಿಗೆವ್ವ ನೀರು ಕುಡಿಯುವಂತಿರಲಿಲ್ಲ. ನೀರಿಗೆ ಬರವಿರಲಿಲ್ಲ. ಕುಡಿದ ಮೇಲೆ ಹೋಗಲು ಜಾಗವಿರಲಿಲ್ಲ.

ಈಗ ನಸುಕಿನ ಐದು ಗಂಟೆ. ಕಳ್ಳಕವಟಗಿಯ ತಮ್ಮ ಮನೆಯ ಮುಂದೆ ಅವರು ಮೆಂತ್ಯ, ರಾಜಗಿರಿ, ಪುಂಡಿಪಲ್ಯದ ಕಟ್ಟುಗಳಿಗೆ ನೀರು ಚಿಮುಕಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತುತ್ತಿದ್ದಾರೆ. ದೂರದಲ್ಲಿ ಸಂತೆಗೆ ಒಯ್ಯುವ ಟಂಟಂ ಆಟೊದ ಸದ್ದು ಕೇಳಿದಾಗ ಕೈ ಒರೆಸಿಕೊಂಡು ತಂಬಿಗೆ ಎತ್ತುತ್ತಾರೆ. ಒಂದೇ ಉಸಿರಿಗೆ ಅರ್ಧ ಖಾಲಿ. "ಮೊದಲಿನಾಂಗ ಆಗಿದ್ರ ಈ ತಂಬಗಿ ಸಂಜಿಕ ಮನಿಗೆ ಬಂದ ಮ್ಯಾಲೇ ಮುಟ್ಟತಿದ್ನಿ ನೋಡ್ರಿ" ಎನ್ನುತ್ತಾರೆ.

ಅವರು ಕೂಡುವ ಸಂತೆ ತಿಕೋಟಾ, ಬಬಲೇಶ್ವರಗಳ ನಡುವಿನ ಒಂದು ಊರಿನದು. ಊರಿನ ಹೆಸರು ಬರೆಯಬಾರದೆಂದು ಷರತ್ತು ಹಾಕಿಯೇ ಅವರು ಮಾತಿಗೆ ಕುಳಿತದ್ದು. "ಬೀಗ ಹಾಕಿದವ್ರೂ ನಮ್ಮವ್ರ ಅದಾರ ತಮ್ಮಾ. ನಾಳೆ ಅವ್ರ ಮಾರಿ ನೋಡೂದಿಲ್ಲೇನು?"

ಹುಲಿಗೆವ್ವನಿಗೆ ಐವತ್ತೆರಡು ವರ್ಷ. ಗಂಡ ದಶರಥ ಗೌಂಡಿ ಕೆಲಸ ಮಾಡುತ್ತಾರೆ. ಇಪ್ಪತ್ತು ವರ್ಷಗಳಿಂದ ಸಂತೆಯಲ್ಲಿ ಇವರದು ಕಾಯಿಪಲ್ಯದ ಸಾಲು. ಒಳ್ಳೆಯ ದಿನ ನೂರು ಕಟ್ಟು ಖರ್ಚಾಗುತ್ತವೆ. ಮಂಗಳವಾರ, ಶುಕ್ರವಾರ ಸಂಜೆ ದೇವಿಯ ಗುಡಿಯಲ್ಲಿ ಹೆಂಗಸರ ಭಜನೆ. ಮಂಡಳಿಗೆ ಇವರೇ ಹಿರಿಯರು. ಅಲ್ಲಿ ಹಾಡುವವರಲ್ಲಿ ಹೆಚ್ಚಿನವರು ಸಂತೆಯಲ್ಲಿ ಮಾರುವವರೇ. ಎಲ್ಲರಿಗೂ ಒಂದೇ ಕಾಯಿಲೆಯಿತ್ತು, ಉರಿಮೂತ್ರ. "ಬಿಸಲಾಗ ಕುಂದ್ರತೇವಿ, ಉಷ್ಣ ಆಗೈತಿ ಅಂತ ಸುಮ್ಕಿರತಿದ್ವಿ."

ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದ ರಾಚವ್ವ ಒಂದು ದಿನ ಹೊಟ್ಟೆ ಹಿಡಿದುಕೊಂಡು ಬಿದ್ದರು. ವಿಜಯಪುರದ ಆಸ್ಪತ್ರೆಗೆ ಕರೆದೊಯ್ದವರು ಹುಲಿಗೆವ್ವ. ಕಲ್ಲು, ಕೀವು, ಕೊನೆಗೆ ಒಂದು ಕಿಡ್ನಿ ತೆಗೆದರು. ಅದಕ್ಕೆ ಬೇರೆ ಕಾರಣಗಳೂ ಇರಬಹುದು ಎಂದು ವೈದ್ಯರು ಹೇಳಿದ್ದರು. ವಾರ್ಡಿನ ನರ್ಸ್ ಆಮ್ರಪಾಲಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಸಂತ್ಯಾಗ ದಿನಕ್ಕ ಎಷ್ಟ ನೀರ ಕುಡೀತೀರಿ?" "ಸಂಜಿತನಕ ಮುಟ್ಟೂದ ಇಲ್ರಿ" ಎಂದರು ಹುಲಿಗೆವ್ವ.

ಸಂತೆಯ ಮೂಲೆಯಲ್ಲಿ ಶೌಚಾಲಯ ಇತ್ತು. ಕಟ್ಟಿ, ಬಣ್ಣ ಬಳಿದು, ಬೀಗ ಹಾಕಿದ್ದರು. ರಿಬ್ಬನ್ ಯಾರು ಕತ್ತರಿಸಬೇಕು ಎನ್ನುವುದು ಎರಡು ಪಾರ್ಟಿಯವರ ನಡುವೆ ಬಗೆಹರಿದಿರಲಿಲ್ಲ. ಭಜನಾ ಮಂಡಳಿಯ ಹೆಂಗಸರು ಸಂತೆಯ ಊರಿನ ಪಂಚಾಯತಿಗೆ ಹೋಗಿ ಕೇಳಿದರು. ಇವತ್ತು, ನಾಳೆ ಎನ್ನುವಷ್ಟರಲ್ಲಿ ವಿಧಾನಸಭೆ ಚುನಾವಣೆ ಬಂತು.

ಆಗಲೇ ಒಂದು ತಪ್ಪು ನಡೆಯಿತು. ಒಂದು ಮಂಗಳವಾರ ಒಬ್ಬ ಅಭ್ಯರ್ಥಿಯ ಮನೆಯ ಹೆಂಗಸರು ಗುಡಿಗೆ ಬಂದು ಹಾಡುವವರಿಗೆಲ್ಲ ಉಡಿ ತುಂಬಿದರು. ಅಕ್ಕಿ, ಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ. ದೇವಿಯ ಮುಂದೆ ಸೆರಗೊಡ್ಡಿದ ಹೆಂಗಸು ಉಡಿ ಬೇಡ ಎನ್ನುವುದಿಲ್ಲ. ಬೇಡವೆಂದರೆ ದೇವಿಯನ್ನೇ ತಳ್ಳಿದ ಹಾಗೆ. ಎಲ್ಲರೂ ತುಂಬಿಸಿಕೊಂಡರು. ರಾತ್ರಿಯೊಳಗೆ ಉಡಿ ತುಂಬುವಾಗ ತೆಗೆದ ಫೋಟೊ ಪಾರ್ಟಿಯ ಗುರುತಿನ ಸಮೇತ ಊರ ಮೊಬೈಲುಗಳಲ್ಲೆಲ್ಲ ಓಡಾಡಿತು. ಮುಂದಿನ ಸಲ ಪಂಚಾಯತಿಗೆ ಹೋದಾಗ ಎದುರು ಪಾರ್ಟಿಯ ಸದಸ್ಯ ನಕ್ಕ: "ಉಡಿ ತುಂಬಿದವ್ರನ್ನ ಕೇಳ್ರಿಬೇ ಕೀಲಿ."

"ನಮ್ಮ ಭಕ್ತೀನ ಹಿಡದು ನಮ್ಮನ್ನ ಕಟ್ಟಿ ಹಾಕಿದ್ರು" ಎನ್ನುತ್ತಾರೆ ಹುಲಿಗೆವ್ವ.

ಶುಕ್ರವಾರ ಎದುರು ಪಾರ್ಟಿಯ ಅಭ್ಯರ್ಥಿಯ ಮನೆಯವರೂ ಉಡಿ ತಂದರು. ಈ ಸಲ ಹುಲಿಗೆವ್ವ ತಾವೇ ಮೊದಲು ಸೆರಗೊಡ್ಡಿದರು. ಸಂತೆಯ ದಿನ ಬೀಗ ಹಾಕಿದ ಶೌಚಾಲಯದಿಂದ ಇಪ್ಪತ್ತು ಹೆಜ್ಜೆ ಆಚೆ ಒಲೆ ಹೂಡಿ, ಎರಡೂ ಉಡಿಯ ಅಕ್ಕಿಯನ್ನು ಒಂದೇ ಬೋಗಾಣಿಗೆ ಸುರಿದು, ಬೆಲ್ಲ ಹಾಕಿ ಹುಗ್ಗಿ ಮಾಡಿದರು. ದೇವಿಗೆ ಎಡೆ ಹಿಡಿದು ಸಂತೆಗೆಲ್ಲ ಬಡಿಸಿದರು. ಅದೇ ಸದಸ್ಯ ಬಂದು ನಿಂತ.

"ಏನಬೇ ಹುಲಿಗೆವ್ವಾ, ನಮ್ಮ ಅಕ್ಕಿ ಅವ್ರಿಗೆ ಉಣಸಾಕತ್ತಿ?"

"ನಿನ್ನ ಕಾಳ ಯಾವು, ಆರಿಸ್ಕೋ ಯಪ್ಪಾ. ಉಳಿದದ್ದ ನಾವ ಉಣ್ತೇವಿ."

ಸಂತೆ ನಕ್ಕಿತು. ಅವನೂ ಎರಡು ತುತ್ತು ತಿಂದು ಹೋದ.

ಹಾಗಾದರೆ ಖಣ ಏನು ಮಾಡಿದಿರಿ ಎಂದು ಕೇಳಿದೆ. "ಹೊಲಿಸ್ಕೊಂಡ್ವಿ. ಖಣಕ್ಕ ಬಣ್ಣ ಇರತೈತಿ, ಪಾರ್ಟಿ ಎಲ್ಲಿ ಇರತೈತಿ?"

ಅಂದಿನಿಂದ ಮಂಡಳಿಗೆ ಒಂದು ಕಟ್ಟಳೆ. ಚುನಾವಣೆ ಮುಗಿಯುವವರೆಗೆ ಗುಡಿಯಲ್ಲಿ ಯಾರ ಉಡಿಯೂ ಇಲ್ಲ. ಮಂಡಳಿಯ ಹೆಸರಲ್ಲಿ ಯಾರ ವೇದಿಕೆಯನ್ನೂ ಹತ್ತುವುದಿಲ್ಲ. ವೋಟು ಅವರವರ ಮನಸ್ಸು, ಗಂಡನಿಗೂ ಹೇಳಬೇಕಿಲ್ಲ.

ಮತ ಎಣಿಕೆ ಮುಗಿದರೂ ಬೀಗ ಅಲ್ಲೇ ಇತ್ತು. ಇದು ತಿಳಿದ ನರ್ಸ್ ಆಮ್ರಪಾಲಿ ರಜೆಯ ದಿನ ತಾವು ಹೋಗುವ ವಿಜಯಪುರದ ಬುದ್ಧ ವಿಹಾರದ ಹೆಂಗಸರನ್ನು ಕರೆತಂದರು. ಎಲ್ಲರೂ ಬಿಳಿ ಸೀರೆಯವರು. ಪ್ರತಿ ಸಂತೆಗೂ ಎರಡೂ ಗುಂಪು ಪಂಚಾಯತಿ ಕಟ್ಟೆಯ ಮೇಲೆ ಕುಳಿತವು. ಅರ್ಧ ತಾಸು ಇವರ ಭಜನೆ, ಅರ್ಧ ತಾಸು ಅವರ ಮೌನ. ಘೋಷಣೆಯಿಲ್ಲ, ಬಾವುಟವಿಲ್ಲ. ಕೇಳಿದ್ದು ಒಂದೇ: ರಿಬ್ಬನ್ ಬೇಡ, ಕೀಲಿ ಕೊಡಿ.

"ನಾವು ಹಾಡಿದ್ರ ಪಂಚಾಯತಿ ಸಾಹೇಬ್ರು ಒಳಗ ಟೇಬಲ್ ಮ್ಯಾಲೆ ತಾಳ ಕುಟ್ಟತಿದ್ರು" ಎಂದು ಹುಲಿಗೆವ್ವ ನಗುತ್ತಾರೆ. "ಇವ್ರು ಸುಮ್ಕ ಕುಂತ್ರ ಮಾತ್ರ ತಡಕೊಳಾಕ ಆಗ್ತಿರಲಿಲ್ಲ. ಘಳಿಗಿಗೊಮ್ಮಿ ಹೊರಗ ಬಂದು ಏನಾಗಬೇಕ್ರೀ, ಏನಾಗಬೇಕ್ರೀ ಅಂತಿದ್ರು."

ಮೊದಮೊದಲು ಬುದ್ಧನ ಕಡೆಯವರ ಜೊತೆ ಕೂಡುವುದಕ್ಕೆ ಮಂಡಳಿಯಲ್ಲಿ ಗೊಣಗಾಟ ಇತ್ತು. ಅದನ್ನು ಆಮ್ರಪಾಲಿ ಮುಚ್ಚಿಡುವುದಿಲ್ಲ. "ನಾವು ಚಹಾ ಕೊಟ್ರ ಮಂಡಳ್ಯಾಗಿನ ಒಬ್ಬಾಕಿ ಕಪ್ ಮುಟ್ಟಲಿಲ್ರಿ. ಹುಲಿಗೆವ್ವ ಅಕಿ ಕಪ್ಪೂ ತಾವ ಕುಡದ್ರು. ಮುಂದಿನ ವಾರ ಅಕೀನ ಎಲ್ಲಾರಿಗೂ ಚಹಾ ತಂದ್ಲು."

ನಾಲ್ಕನೆಯ ಸಂತೆಯ ದಿನ ಪಂಚಾಯತಿ ಅಧಿಕಾರಿ ಕೀಲಿ ಹಿಡಿದು ತಾವೇ ನಡೆದು ಬಂದರು. ಮೊದಲು ಒಳಗೆ ಓಡಿದವಳು ಬಳೆ ಮಾರುವ ನಾಜಿಯಾ. ಚಪ್ಪಾಳೆ ತಟ್ಟಲು ಸಜ್ಜಾಗಿ ನಿಂತವರ ಮುಂದೆ ಬಾಗಿಲು ತೆರೆದು ಅವಳು ಹೇಳಿದ್ದು: "ನೀರ ಬರೂದಿಲ್ಲಬೇ ಇದ್ರಾಗ!" ಅಂದೇ ಮಧ್ಯಾಹ್ನ ನಳ ಜೋಡಿಸಿದರು.

ಈಗ ಸಂತೆಯ ದಿನ ಕೀಲಿ ನಾಜಿಯಾಳ ಅಂಗಡಿಯ ಮೊಳೆಯಲ್ಲಿ ತೂಗುತ್ತದೆ. ಅವಳು ವರ್ಷಕ್ಕೊಮ್ಮೆ ಹುಲಿಗೆವ್ವನಿಗೆ ಕೈತುಂಬ ಬಳೆ ಇಡಿಸುತ್ತಾಳೆ. "ರೊಕ್ಕ ತಗೊಳ್ಳೂದಿಲ್ಲ. ನಮ್ಮವ್ವಗೂ ಹಂಗ ಇಡಸ್ತೇನ್ರಿ" ಎನ್ನುತ್ತಾಳೆ. ಪಲ್ಯದ ಸಾಲಿನವರು ಹುಲಿಗೆವ್ವನ ಜಾಗವನ್ನು ನಸುಕಿನಲ್ಲೇ ಗುಡಿಸಿ ಇಟ್ಟಿರುತ್ತಾರೆ. ಸಂತೆ ಉಪಕಾರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ತೋರಿಸುತ್ತದೆ.

ಹುಲಿಗೆವ್ವ ಮಾತ್ರ ಉಪಕಾರವನ್ನು ಬೇರೆಯವರಿಗೆ ಹಂಚುತ್ತಾರೆ. "ಕೀಲಿ ತಂದ ಸಾಹೇಬ್ರನ್ನ ದೇವಿ ಚಲೋ ಇಡ್ಲಿ. ಬಿಳಿ ಸೀರಿ ಉಟ್ಟು ಬಂದ್ರಲ್ಲಾ, ಅವ್ರಿಗೆ ಇಲ್ಲಿ ಹೊಲ ಇಲ್ಲ, ಸಂತಿ ಇಲ್ಲ, ಆದ್ರೂ ಬಂದ್ರು. ನನ್ನ ಹೆಸರ ದೊಡ್ಡದ ಮಾಡಿ ಬರೀಬ್ಯಾಡ. ನಾ ಹುಗ್ಗಿ ಮಾಡಿದಾಕಿ, ಅಷ್ಟ."

ಬೀಗ ಇದ್ದದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಪಲ್ಯದ ಸಾಲಿನಿಂದ ಐವರು ಹೆಂಗಸರು ಸಂತೆ ಬಿಟ್ಟಿದ್ದರು. ಇಬ್ಬರು ಮರಳಿದ್ದಾರೆ. ಉಳಿದ ಮೂವರ ಜಾಗದಲ್ಲಿ ಈಗ ಗಂಡಸರು ಕೂಡುತ್ತಾರೆ.