ಕರಿಯನ ಬಟ್ಟಲಿಗೆ ಸುರಿದ ಬಾಸುಂದಿ

ಎಮ್ಮೆ ಒದ್ದು ಮುರಿದ ಅವರ ಬಲಗೈ ಹೆಬ್ಬೆರಳು ಸರಿಯಾಗಿ ಕೂಡಿರಲಿಲ್ಲ. ಸಿರಿಂಜನ್ನು ಅಂಗೈಯಿಂದಲೇ ಒತ್ತುತ್ತಿದ್ದರು. ಗುರುವಾಯನಕೆರೆಯ ಸುತ್ತ ಎಲ್ಲರಿಗೂ ಅವರು ‘ದನದ ಡಾಕ್ಟ್ರಮ್ಮ’. ಅಂಗಳಕ್ಕೆ ಬಂದರೆ ನಮ್ಮನ್ನು ಮಾತಾಡಿಸುವ ಮೊದಲು ನಾಯಿಯ ಬಾಯಿ ಬಿಡಿಸಿ ವಸಡು ನೋಡುವವರು. ಚಹಾ ಕೊಟ್ಟರೆ ನಿಂತೇ ಕುಡಿಯುವವರು.

ನಮ್ಮ ನಾಯಿ ಕರಿಯನಿಗೆ ಚುಚ್ಚುಮದ್ದು ಹಾಕಲು ಬಂದ ದಿನ ನಾನು ಅದಕ್ಕೆ ಐಸ್‌ಕ್ರೀಂ ನೆಕ್ಕಿಸುತ್ತಿದ್ದೆ.

“ಪಾಯಸ, ಐಸ್‌ಕ್ರೀಂ, ಬಾಸುಂದಿ ಎಲ್ಲ ಹಾಕಬೇಡಿ ಮಾರಾಯ್ರೆ. ಅಷ್ಟು ಕೆನೆ, ಸಕ್ಕರೆ ನಾಯಿಗೆ ಆಗುವುದಿಲ್ಲ. ಕೆಲವಕ್ಕೆ ಬರೀ ಭೇದಿ ಆಗ್ತದೆ, ಕೆಲವಕ್ಕೆ ಹೊಟ್ಟೆಯೊಳಗೆ ಊದಿ ಜೀವವೇ ಹೋಗ್ತದೆ.”

“ಅದಕ್ಕೆ ಇಷ್ಟ ಉಂಟಲ್ಲ ಡಾಕ್ಟ್ರೆ?”

“ಇಷ್ಟ ಇರುವುದು ನಿಮಗೆ, ಅದು ಬಾಲ ಅಲ್ಲಾಡಿಸುವುದನ್ನು ನೋಡ್ಲಿಕ್ಕೆ.”

ತಮ್ಮನ ನಿಶ್ಚಿತಾರ್ಥದ ದಿನ ಪಿಸ್ತಾ ಹಾಕಿದ ಬಾಸುಂದಿ ಬಹಳ ಉಳಿಯಿತು. ಚೆಲ್ಲಲು ಮನಸ್ಸಾಗದೆ ಕರಿಯನ ಬಟ್ಟಲಿಗೆ ಸುರಿದೆ. ಮರುದಿನ ಬೆಳಿಗ್ಗೆಯಿಂದ ವಾಂತಿ. ಮುಂಗಾಲು ಚಾಚಿ, ಹಿಂಭಾಗ ಎತ್ತಿ ನರಳುತ್ತಿತ್ತು. ಡಾಕ್ಟ್ರಮ್ಮನನ್ನು ಕರೆಸಿದೆವು.

“ಎಂತ ಹಾಕಿದ್ದೀರಿ?”

“ಎಂತದೂ ಇಲ್ಲ. ಅನ್ನ ಮಾತ್ರ.”

ಒಮ್ಮೆ ನನ್ನ ಮುಖ ನೋಡಿದರು. ಎರಡು ದಿನ ಬಂದು ಡ್ರಿಪ್ ಹಾಕಿದರು. ಮೂರನೆಯ ದಿನ ಅವರು ಇಂಜೆಕ್ಷನ್ ಕೊಟ್ಟು ಹೋದ ಅರ್ಧ ಗಂಟೆಯೊಳಗೆ ಕರಿಯ ಸತ್ತುಹೋಯಿತು.

“ಅವಳ ಸೂಜಿಯೇ ಕೊಂದದ್ದು” ಎಂದರು ಅಮ್ಮ. ಬಂದುಹೋದವರಿಗೆಲ್ಲ ಅದನ್ನೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ತಲೆಯಾಡಿಸಿದೆ. ಮಾತು ಅಳದಂಗಡಿಯವರೆಗೂ ಹೋಯಿತು. ಎಷ್ಟೋ ಮನೆಯವರು ಅವರನ್ನು ಕರೆಯುವುದನ್ನು ಬಿಟ್ಟು, ನಾಯಿಗಳನ್ನು ರಿಕ್ಷಾದಲ್ಲಿ ಮೂಡುಬಿದಿರೆಗೆ ಒಯ್ಯತೊಡಗಿದರು.

ಕೆಲವು ತಿಂಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಮುಖ ತಿರುಗಿಸುವಷ್ಟರಲ್ಲಿ ಹತ್ತಿರ ಬಂದಿದ್ದರು.

“ವಾಂತಿಯಲ್ಲಿ ಪಿಸ್ತಾ ಇತ್ತು. ಅವತ್ತೇ ನೋಡಿದ್ದೇನೆ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

“ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ.”

ಅಷ್ಟರಲ್ಲಿ ಬಂದ ಬಸ್ ಹತ್ತಿದರು.

ನಾನು ಹೇಳಲಿಲ್ಲ. ಕಳೆದ ವರ್ಷ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಉತ್ತರಕ್ರಿಯೆಗೆ ಹೋಗಿದ್ದೆ. ಅವರ ಗಂಡ ನನ್ನೆದುರು ಕುಳಿತು ಮೆಲ್ಲಗೆ ಕೇಳಿದರು: “ನಿಮ್ಮ ನಾಯಿಗೆ ನಿಜವಾಗಿ ಎಂತ ಆಗಿತ್ತು? ಅವಳು ಕೊನೆಯವರೆಗೂ ನನ್ನಲ್ಲಿ ಕೂಡ ಹೇಳಲಿಲ್ಲ.”

ಹೇಳಬಹುದಿತ್ತು. ಪಕ್ಕದ ಕುರ್ಚಿಗಳಲ್ಲಿ ಊರವರಿದ್ದರು.

“ಅದರ ಆಯುಷ್ಯ ಅಷ್ಟೇ ಇದ್ದದ್ದು” ಎಂದು ಹೇಳಿ, ಎಲೆ ಹಾಕಿದ್ದಲ್ಲಿಗೆ ಊಟಕ್ಕೆ ಎದ್ದುಹೋದೆ.