ಕಿಟಕಿಯ ಗಿಡಕ್ಕೆ ಒಂದು ಹಿಡಿ ಉಪ್ಪು

ಎಪ್ಪತ್ತರ ದಶಕದ ಕೊನೆಯಲ್ಲಿ ತುರುವೇಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿ ಒಂದು ಮನಿಪ್ಲಾಂಟ್ ಕುಂಡ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಗಿಡ ಅದು. ಬಿಸಿಲು ಬೇಡ, ಗೊಬ್ಬರ ಬೇಡ, ವಾರಕ್ಕೆರಡು ಲೋಟ ನೀರು ಸಾಕು.

ಪಹಣಿ ತಿದ್ದುಪಡಿಗೆಂದು ಅಲೆಯುತ್ತಿದ್ದ ದಬ್ಬೇಘಟ್ಟದ ತೆಂಗಿನ ತೋಟದ ಯಜಮಾನರೊಬ್ಬರು ಬಂದಾಗಲೆಲ್ಲ ಅದರ ಎದುರಿನ ಬೆಂಚಿನಲ್ಲೇ ಕೂರುತ್ತಿದ್ದರು. ಒಂದು ದಿನ ನೋಡುತ್ತೇನೆ, ಎಲೆಗಳೆಲ್ಲ ಸುಟ್ಟಂತಾಗಿ ಜೋತುಬಿದ್ದಿವೆ. ಬುಡದಲ್ಲಿ ಉಪ್ಪಿನ ಹರಳು!

“ಯಾರ್ರೀ ಇದಕ್ಕೆ ಉಪ್ಪು ಹಾಕಿದ್ದು?” ಎಂದು ರೇಗಿದೆ.

“ನಾನೇ ಸ್ವಾಮಿ,” ಎಂದರು ಯಜಮಾನರು. “ಬಡಕಲಾಗಿತ್ತು. ತೆಂಗಿನ ಸಸಿಗಾದ್ರೆ ಗುಣಿಗೆ ಎರಡು ಹಿಡಿ ಹಾಕ್ತೀವಿ. ಇದಿನ್ನೂ ಮಗು ಅಂತ ಒಂದೇ ಹಿಡಿ ಹಾಕ್ದೆ ಕಣ್ರೀ.”

ಅಷ್ಟು ಹೇಳಿ ಗಿಡದ ಕಡೆ ತಿರುಗಿದವರ ಮುಖ ಅದಕ್ಕಿಂತ ಹೆಚ್ಚು ಬಾಡಿತು. ಬೈಯುವುದು ಬಿಟ್ಟು ಕುಂಡವನ್ನು ಕಿಟಕಿಯಿಂದ ಇಳಿಸಿದೆ.

ಮುಂದಿನ ವಾರ ತೆಂಗಿನ ಸಸಿಯೊಂದನ್ನು ಹೆಗಲ ಮೇಲೆ ಹೊತ್ತು ತಂದರು. ನನ್ನ ಕಿಟಕಿಯಾಚೆ ಗುಣಿ ತೋಡಿ ತಾವೇ ನೆಟ್ಟರು. “ದಿನಾ ಎರಡು ಬಿಂದಿಗೆ ನೀರು ಹಾಕಿ, ಸಾಕು. ಸುಲಭದ ಗಿಡ ಬುಡಿ,” ಎಂದರು.

ಅವರ ಪಹಣಿ ಸರಿಯಾಯಿತು. ಆಮೇಲೂ ಪ್ರತಿ ಸೋಮವಾರ ಬಂದು ಸಸಿಯ ಬುಡಕ್ಕೆ ಬೆರಳು ಚುಚ್ಚಿ ನೋಡುತ್ತಿದ್ದರು.

“ನೆನ್ನೆ ನೀರು ಹಾಕಿಲ್ವಾ?”

“ಭಾನುವಾರ ರಜ ಅಲ್ವಾ, ಯಜಮಾನ್ರೇ.”

“ರಜ ನಿಮಗೆ ಕಣ್ರೀ, ಅದಕ್ಕಲ್ಲ.”

ಇಡೀ ನೌಕರಿಯಲ್ಲಿ ನಾನು ಭಾನುವಾರವೂ ತಪ್ಪದೆ ಕಚೇರಿಗೆ ಹೋದದ್ದು ಆ ಊರಿನಲ್ಲಿ ಮಾತ್ರ, ಅದೂ ಬಿಂದಿಗೆ ಹಿಡಿದುಕೊಂಡು.